ಗೊರಸಿನ ನೋವಿಗೆ ಮೈಯೆಲ್ಲ ನೋಡಿ: ಕುಂಟುವ ಕುದುರೆಯ ದೋಷ ಪತ್ತೆ

ಮೈಸೂರಿನ ಒಂದು ಲಾಯಕ್ಕೆ ಬೆಳಿಗ್ಗೆ ಏಳಕ್ಕೆ ಹೋದಾಗ ಬಿಜಲಿ ಎಂಬ ಕುದುರೆ ಗೋಡೆಗೆ ಹಿಂಭಾಗ ಆನಿಸಿಕೊಂಡು, ಎರಡೂ ಮುಂಗಾಲನ್ನು ಒಂದಡಿ ಮುಂದಕ್ಕೆ ಚಾಚಿ ನಿಂತಿತ್ತು. ಕೂರಲು ಹೊರಟು ಅರ್ಧಕ್ಕೇ ನಿಂತ ಹಾಗೆ. "ಮೊನ್ನೆ ಲಾಳ ಕಟ್ಟಿಸ್ದೆ ಡಾಕ್ಟ್ರೇ. ಮೊಳೆ ಒಳಕ್ಕೆ ಹೊಡೆದುಬಿಟ್ಟವ್ನೆ, ಅಷ್ಟೇ," ಅಂದರು ಜಟಕಾ ಯಜಮಾನರು. ಗೊರಸು ಒತ್ತುವ ಇಕ್ಕಳ ಹಿಡಿದು ನೋಡಿದೆ. ಎರಡೂ ಮುಂಗಾಲಿನ ತುದಿಯಲ್ಲಿ ನೋವಿತ್ತು, ಹೊಸ ಲಾಳ ಕಣ್ಣೆದುರಿಗೇ ಇತ್ತು. ಲಾಳ ಬಿಚ್ಚಿಸಿ, ನೋವಿನ ಇಂಜೆಕ್ಷನ್ ಕೊಟ್ಟು, ಎರಡು ದಿನ ಬಿಟ್ಟು ಗಾಡಿಗೆ ಕಟ್ಟಿ ಎಂದು ಹೇಳಿ ಬಂದೆ. ಚೆನ್ನಾಗಿ ನಡೀತಿದೆ ಅಂತ ಸಂಜೆ ಫೋನ್ ಬಂತು. ಮರುದಿನ ಬೆಳಿಗ್ಗೆ ಮತ್ತೆ ಫೋನ್: ಮಲಗಿದೆ, ಏಳ್ತಿಲ್ಲ.

ತಪ್ಪು ನನ್ನದು. ತಪ್ಪಾಗಿ ಹೊಡೆದ ಮೊಳೆ ಎರಡೂ ಕಾಲಿನಲ್ಲಿ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ನೋವು ತರುವುದು ಎಷ್ಟು ಅಪರೂಪ ಎಂಬ ಸರಳ ಲೆಕ್ಕ ಅವತ್ತು ಹೊಳೆಯಲಿಲ್ಲ. ಎರಡನೇ ಸಲ ಹೋದಾಗ ಗೊರಸು ಬಿಟ್ಟು ಮೊದಲು ಲಾಯ ನೋಡಿದೆ. ಮೂಲೆಯಲ್ಲಿ ಕೋಳಿಗೆಂದು ತಂದಿಟ್ಟಿದ್ದ ಮೆಕ್ಕೆಜೋಳದ ನುಚ್ಚಿನ ಮೂಟೆ, ಹಲ್ಲಿನಿಂದ ಹರಿದ ಬಾಯಿ, ಅರ್ಧಕ್ಕರ್ಧ ಖಾಲಿ. ಮೂರು ರಾತ್ರಿ ಹಿಂದೆ ಮದುವೆ ಮೆರವಣಿಗೆ ಮುಗಿಸಿ ಬಂದ ಮೇಲೆ ಹುಡುಗ ಹಗ್ಗ ಬಿಗಿಯಾಗಿ ಕಟ್ಟಿರಲಿಲ್ಲ.

ಕುದುರೆ ಕುಂಟಿದಾಗ ದೋಷ ಗೊರಸಿನಲ್ಲೇ ಇರುವುದು ಹೆಚ್ಚು, ಅದು ನಿಜ. ಆದರೆ ಆ ದೋಷ ಗೊರಸಿಗೆ ಬಂದ ದಾರಿ ಹೊಟ್ಟೆಯದೋ, ಗರ್ಭಕೋಶದ್ದೋ, ರಕ್ತದಲ್ಲಿನ ಇನ್ಸುಲಿನ್‌ದೋ, ಇನ್ನೊಂದು ಕಾಲಿನದೋ ಆಗಿರಬಹುದು. ಆ ದಾರಿ ಹಿಡಿದು ಹಿಂದಕ್ಕೆ ಹೋಗುವುದು ಹೇಗೆ ಎಂಬುದನ್ನು ನಾನು ಈಗ ಅನುಸರಿಸುವ ಕ್ರಮದಲ್ಲೇ ಬರೆದಿದ್ದೇನೆ. ವೈದ್ಯರು ಬರುವ ತನಕ ಸಾಕಿದವರು ಏನು ನೋಡಬಹುದು, ಏನು ಮಾಡಬಾರದು ಎಂಬುದಕ್ಕೆ ಇದು. ವೈದ್ಯರ ಬದಲಿಗಲ್ಲ.

ಮೊದಲ ಹತ್ತು ನಿಮಿಷ

ಕುದುರೆಯನ್ನು ನಡೆಸಬೇಡಿ. "ಸ್ವಲ್ಪ ಓಡಾಡಿಸಿದರೆ ಬಿಟ್ಟುಕೊಳ್ಳುತ್ತೆ" ಅನ್ನುವುದು ನಮ್ಮ ಲಾಯಗಳಲ್ಲಿ ಹಳೆಯ ಮಾತು. ಹಿಡಿದುಕೊಂಡ ಸ್ನಾಯುವಿಗೆ ಕೆಲವೊಮ್ಮೆ ಅದು ಸರಿ, ಗೊರಸಿನೊಳಗಿನ ಹಿಡಿತ ಬಿಡುತ್ತಿರುವಾಗ ಅದೇ ಮಾತು ಕುದುರೆಯನ್ನು ಕೊಲ್ಲುತ್ತದೆ. ಯಾವುದು ಅಂತ ಗೊತ್ತಾಗುವ ತನಕ ನಿಂತ ಜಾಗದಲ್ಲೇ ಇರಲಿ.

ದೂರ ನಿಂತು ನೋಡಿ. ಎಷ್ಟು ಕಾಲಿನಲ್ಲಿ ನೋವಿದೆ? ಇದೊಂದೇ ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ದಾರಿ ಸಾಗಿದ ಹಾಗೆ. ಒಂದೇ ಕಾಲನ್ನು ಎತ್ತಿ ತುದಿ ಮಾತ್ರ ನೆಲಕ್ಕೆ ತಾಗಿಸಿ ನಿಂತಿದ್ದರೆ ಮೊಳೆ, ಕೀವು, ಕಲ್ಲೇಟು, ಮೂಳೆಮುರಿತದ ಕಡೆ ಯೋಚಿಸಿ. ಎರಡೂ ಮುಂಗಾಲು ಮುಂದೆ ಚಾಚಿ, ಭಾರ ಹಿಂದಕ್ಕೆ ಎಳೆದುಕೊಂಡಿದ್ದರೆ, ಅಥವಾ ಬಲ ಎಡ ಬಲ ಎಡ ಎಂದು ನಿಮಿಷಕ್ಕೊಮ್ಮೆ ಭಾರ ಬದಲಿಸುತ್ತಿದ್ದರೆ ಮೊದಲ ಅನುಮಾನ ಲ್ಯಾಮಿನೈಟಿಸ್, ಅಂದರೆ ಗೊರಸಿನೊಳಗಿನ ಹಿಡಿತ ಸಡಿಲವಾಗುವ ಕಾಯಿಲೆ. ನಾಲ್ಕೂ ಕಾಲು ಸೆಟೆದು, ಬಾಲ ಎತ್ತಿ, ಕಿವಿ ನೆಟ್ಟಗಾಗಿದ್ದರೆ ಗೊರಸಿನ ಮಾತು ಬಿಡಿ. ಗದ್ದದ ಕೆಳಗೆ ಮೆಲ್ಲಗೆ ತಟ್ಟಿ ನೋಡಿ: ಕಣ್ಣಿನ ಒಳಮೂಲೆಯಿಂದ ಬಿಳಿ ಪೊರೆಯೊಂದು ಸರ್ರನೆ ಕಣ್ಣಿಗೆ ಅಡ್ಡ ಬಂದು ಹೋದರೆ ಅದು ಧನುರ್ವಾಯು. ಹಳೆಯ ಮೊಳೆಗಾಯವೊಂದು ಎಲ್ಲೋ ಇರುತ್ತದೆ, ಕುಂಟು ನಿಂತು ವಾರಗಳೇ ಆಗಿರಬಹುದು.

ನಂತರ ಗಡಿಯಾರ ಹಿಡಿದು ಎದೆಬಡಿತ ಎಣಿಸಿ. ಎಡ ಮೊಣಕೈ ಹಿಂದೆ ಕೈಯಿಟ್ಟರೂ ಸಿಗುತ್ತದೆ, ದವಡೆಯ ಒಳ ಅಂಚಿನ ನಾಡಿಯಲ್ಲೂ ಸಿಗುತ್ತದೆ. ದೊಡ್ಡ ಕುದುರೆಗೆ ಸುಮ್ಮನೆ ನಿಂತಾಗ ನಿಮಿಷಕ್ಕೆ 28ರಿಂದ 44. ಅದು 60 ದಾಟಿದ್ದರೆ ನೋವು ಚಿಕ್ಕದಲ್ಲ. ಜ್ವರ ನೋಡಿ: 38.5 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿದ್ದರೆ ಎಲ್ಲೋ ಸೋಂಕಿದೆ. ಲದ್ದಿ ನೋಡಿ, ಮೂತ್ರ ನೋಡಿ. ಡಿಕಾಕ್ಷನ್ ಬಣ್ಣದ ಮೂತ್ರ, ಕಲ್ಲಿನಂತೆ ಗಟ್ಟಿಯಾದ ಸೊಂಟದ ಸ್ನಾಯು, ಹಿಂದಿನ ದಿನ ಪೂರ್ತಿ ರಜೆ ಆದರೂ ಹೊಟ್ಟೆತುಂಬ ಕಾಳು, ಇವತ್ತು ಭಾರದ ಕೆಲಸ, ಇಷ್ಟೂ ಸೇರಿದರೆ ಅದು ಸ್ನಾಯು ಒಡೆಯುವ ಕಾಯಿಲೆ. ದೂರದಿಂದ ನೋಡಿದರೆ ಗೊರಸು ನೋವಿನ ಕುದುರೆಯ ಹಾಗೆಯೇ ಅಲುಗದೆ ನಿಂತಿರುತ್ತದೆ.

ಕೈಯಿಟ್ಟು ನೋಡುವುದು

ಗೊರಸಿಗಿಂತ ತುಸು ಮೇಲಿನ ದುಂಡನೆ ಕೀಲು ಗಿಣ್ಣು. ಅದರ ಹಿಂದೆ, ಎರಡೂ ಪಕ್ಕದಲ್ಲಿ, ಪೆನ್ಸಿಲ್ ದಪ್ಪದ ಒಂದು ಮೆತ್ತನೆಯ ಕಟ್ಟು ಬೆರಳಡಿ ಜಾರುತ್ತದೆ. ನರ, ರಕ್ತನಾಳ ಜೊತೆಯಾಗಿ ಗೊರಸಿಗೆ ಇಳಿಯುವ ಜಾಗ ಅದು. ಬೆರಳು ಹಗುರವಾಗಿ ಇಡಿ, ಒತ್ತಿದರೆ ಮಿಡಿತ ಮುಚ್ಚಿಹೋಗುತ್ತದೆ. ಆರೋಗ್ಯವಾಗಿರುವ ಕುದುರೆಯಲ್ಲಿ ಆ ಮಿಡಿತವನ್ನು ಹುಡುಕಬೇಕು, ನೋವಿನ ಗೊರಸಿನಲ್ಲಿ ಅದೇ ಬಂದು ಬೆರಳಿಗೆ ಬಡಿಯುತ್ತದೆ. ಒಂದೇ ಕಾಲಿನಲ್ಲಿ ಬಡಿದರೆ ಆ ಕಾಲಿನ ಗೊರಸಿನೊಳಗೆ ಏನೋ ಇದೆ. ಎರಡೂ ಮುಂಗಾಲಿನಲ್ಲಿ ಬಡಿದರೆ ತೊಂದರೆ ಮೈಯಿಂದ ಇಳಿದು ಬಂದಿದೆ ಎಂದುಕೊಳ್ಳಿ. ಬಿಜಲಿಯ ಕಾಲಿನಲ್ಲಿ ನಾನು ಇದನ್ನು ಮೊದಲ ದಿನವೇ ನೋಡಿದ್ದರೆ ಈ ಬರಹ ಬರೆಯುವ ಪ್ರಮೇಯ ಬರುತ್ತಿರಲಿಲ್ಲ. ನಿಮ್ಮ ಕುದುರೆ ಚೆನ್ನಾಗಿದ್ದಾಗಲೇ ದಿನಾ ಒಮ್ಮೆ ಮುಟ್ಟಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಮಾಮೂಲು ಹೇಗಿರುತ್ತದೆ ಎಂದು ಗೊತ್ತಿಲ್ಲದ ಕೈಗೆ ಜಾಸ್ತಿಯಾದದ್ದು ತಿಳಿಯುವುದಿಲ್ಲ.

ಬಿಸಿಯನ್ನು ಮಾತ್ರ ಅಷ್ಟು ನಂಬಬೇಡಿ. ಮಧ್ಯಾಹ್ನದ ಡಾಂಬರು ರಸ್ತೆಯಿಂದ ಬಂದ ಯಾವ ಗೊರಸೂ ಬಿಸಿಯೇ. ನೆರಳಿನಲ್ಲಿ ಗಂಟೆಗಟ್ಟಲೆ ನಿಂತ ಮೇಲೂ ಬಿಸಿ ಆರದಿದ್ದರೆ ಆಗ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕುದುರೆ ನಡೆಯುವ ಸ್ಥಿತಿಯಲ್ಲಿದ್ದರೆ, ಗಟ್ಟಿ ಸಮತಟ್ಟು ನೆಲದಲ್ಲಿ ಹತ್ತಾರು ಹೆಜ್ಜೆ ಸಾಕು. ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆಯಿರಿ. ನೋವಿರುವ ಮುಂಗಾಲು ಊರಿದಾಗ ತಲೆ ಮೇಲೇಳುತ್ತದೆ, ನೋವಿಲ್ಲದ ಕಾಲು ಊರಿದಾಗ ಇಳಿಯುತ್ತದೆ. ಹೊಸಬರು ಇದನ್ನು ಉಲ್ಟಾ ಓದಿ, ಚೆನ್ನಾಗಿರುವ ಕಾಲಿಗೆ ಪಟ್ಟಿ ಕಟ್ಟಿದ್ದನ್ನು ಕಂಡಿದ್ದೇನೆ. ಎರಡೂ ಕಾಲು ಒಂದೇ ಸಮ ನೋಯುತ್ತಿದ್ದರೆ ತಲೆ ಆಡುವುದೇ ಇಲ್ಲ, ಹೆಜ್ಜೆ ಮಾತ್ರ ಚಿಕ್ಕದಾಗುತ್ತದೆ, ತಿರುಗುವಾಗ ಮುಳ್ಳಿನ ಮೇಲೆ ನಡೆದಂತೆ ನಡೆಯುತ್ತದೆ. ಹಿಮ್ಮಡಿ ಮೊದಲು ಊರುತ್ತಿದೆಯೋ, ತುದಿಯೋ ಎಂದೂ ನೋಡಿ. ಲ್ಯಾಮಿನೈಟಿಸ್ ಕುದುರೆ ತುದಿಯನ್ನು ಕಾಪಾಡಿಕೊಂಡು ಹಿಮ್ಮಡಿ ಮೊದಲು ಊರುತ್ತದೆ. ಗೊರಸಿನ ಹಿಂಭಾಗದೊಳಗಿರುವ ಪುಟ್ಟ ನಾವಿಕ್ಯುಲರ್ ಮೂಳೆಯ ಸುತ್ತ ನೋವಿದ್ದರೆ ಹಿಮ್ಮಡಿಯನ್ನು ಕಾಪಾಡಿಕೊಂಡು ತುದಿ ಮೊದಲು ಊರುತ್ತದೆ.

ಲ್ಯಾಮಿನೈಟಿಸ್ ನೋವಿನ ತೀವ್ರತೆ ಅಳೆಯಲು ಸ್ವೀಡನ್ನಿನ ಪಶುವೈದ್ಯ ನಿಲ್ಸ್ ಒಬೆಲ್ 1948ರಲ್ಲಿ ಕೊಟ್ಟ ನಾಲ್ಕು ಮೆಟ್ಟಿಲನ್ನು ವೈದ್ಯರು ಇವತ್ತಿಗೂ ಬಳಸುತ್ತಾರೆ. ನಿಂತಲ್ಲೇ ಕಾಲು ಬದಲಿಸುತ್ತಿದ್ದರೆ ಒಂದು, ನಡೆದರೂ ಸೆಟೆದು ನಡೆದರೆ ಎರಡು, ನಡೆಯಲು ಹಿಂಜರಿದು ಕಾಲೆತ್ತಲು ಬಿಡದಿದ್ದರೆ ಮೂರು, ಬಲವಂತ ಮಾಡದೆ ಕದಲದಿದ್ದರೆ ನಾಲ್ಕು. ಫೋನಿನಲ್ಲಿ ವೈದ್ಯರಿಗೆ "ತುಂಬಾ ಕುಂಟ್ತಿದೆ" ಅನ್ನುವ ಬದಲು ಈ ನಾಲ್ಕರಲ್ಲಿ ಯಾವುದೆಂದು ಹೇಳಿದರೆ ಅವರು ಎಷ್ಟು ಬೇಗ ಹೊರಡಬೇಕೆಂದು ಅವರಿಗೆ ಗೊತ್ತಾಗುತ್ತದೆ.

ಒಂದೇ ಕಾಲಾದರೆ

ಇದು ಸುಲಭದ ಭಾಗ. ಅಂಗಾಲು ತೊಳೆದು, ಉಜ್ಜಿ, ಬೆಳಕಿನಲ್ಲಿ ನೋಡಿ. ಲಾಳ ಕಟ್ಟಿದ ಒಂದೆರಡು ದಿನದಲ್ಲಿ ಶುರುವಾದ ನೋವಾದರೆ ಒಂದೊಂದೇ ಮೊಳೆ ಕೀಳಿಸಿ, ಯಾವ ಮೊಳೆ ಕೀಳುವಾಗ ಕಾಲು ಎಳೆದುಕೊಂಡಿತು, ಯಾವ ಮೊಳೆ ಒದ್ದೆಯಾಗಿ ಬಂತು ಎಂದು ಗಮನಿಸಿ. ರಾತ್ರೋರಾತ್ರಿ ಮುರಿದೇ ಹೋಯಿತೇನೋ ಎಂಬಂತೆ ಕಾಲೆತ್ತಿ ನಿಂತ ಕುದುರೆಗಳಲ್ಲಿ ಬಹಳಷ್ಟರ ಗೊರಸಿನೊಳಗೆ ಕೀವು ಕಟ್ಟಿರುತ್ತದೆ. ದಾರಿ ಮಾಡಿಕೊಟ್ಟು ಕೀವು ಹೊರಬಿದ್ದ ಅರ್ಧ ಗಂಟೆಯಲ್ಲಿ ಅದೇ ಕುದುರೆ ಮೇವಿಗೆ ಬಾಯಿ ಹಾಕುತ್ತದೆ. ಮೊಳೆಯೋ ತಂತಿಯೋ ಒಳಗೆ ಚುಚ್ಚಿ ನಿಂತಿದ್ದರೆ ಮಾತ್ರ, ಕೈ ತಡೆಯದಿದ್ದರೂ, ಕೀಳಬೇಡಿ. ಅದು ಎಷ್ಟು ಆಳ, ಯಾವ ದಿಕ್ಕು ಎಂದು ಎಕ್ಸ್‌ರೇಯಲ್ಲಿ ನೋಡಲು ವೈದ್ಯರಿಗೆ ಅದು ಅಲ್ಲೇ ಬೇಕು. ಯಾವ ಗಾಯವಾದರೂ ಧನುರ್ವಾಯು ಲಸಿಕೆಯ ತಾರೀಕು ಕೇಳಿಯೇ ಮುಂದಿನ ಮಾತು.

ಮಳೆಗಾಲದಲ್ಲಿ ಅಂಗಾಲಿನ ನಡುವಿನ ತ್ರಿಕೋನದ ಮೆತ್ತೆ ಕೊಳೆತು ಕಪ್ಪು ರಸ, ಕೆಟ್ಟ ವಾಸನೆ ಬರುತ್ತದೆ. ಮೈಲುತುತ್ತದ ನೀರು ಹಚ್ಚುತ್ತಾರೆ, ಕೆಲಸ ಮಾಡುತ್ತದೆ. ಆದರೆ ಲಾಯದ ನೆಲ ಗಂಜಲದಲ್ಲಿ ನೆನೆದೇ ಇದ್ದರೆ ಮೈಲುತುತ್ತ ಎಷ್ಟು ಹಚ್ಚಿದರೂ ಅಷ್ಟೇ.

ಎರಡೂ ಮುಂಗಾಲಾದರೆ

ಇಲ್ಲಿ ನಿಧಾನವಾಗಿ ಹೋಗೋಣ. ಗೊರಸು ಒಂದು ಬೂಟು ಎಂದುಕೊಳ್ಳಿ, ಒಳಗೆ ಕಾಲಿನ ಕೊನೆಯ ಮೂಳೆ. ಆ ಮೂಳೆ ಅಂಗಾಲಿನ ಮೇಲೆ ಕೂತಿಲ್ಲ, ಗೊರಸಿನ ಗೋಡೆಗೆ ಒಳಗಿನಿಂದ ನೇತುಬಿದ್ದಿದೆ. ಅಣಬೆಯ ಕೊಡೆಯನ್ನು ಮಗುಚಿದರೆ ಕಾಣುವ ತೆಳು ಪದರಗಳಂಥವು ಸುಮಾರು 550ರಿಂದ 600, ಒಂದೊಂದರ ಮೇಲೂ ನೂರಕ್ಕೂ ಹೆಚ್ಚು ಕಿರುಪದರ. ಗೋಡೆಯ ಪದರ, ಮೂಳೆಯ ಕಡೆಯ ಪದರ ಒಂದರೊಳಗೊಂದು ಹೆಣೆದುಕೊಂಡು ಕುದುರೆಯ ಪೂರ್ತಿ ಭಾರ ಹೊರುತ್ತವೆ. ಆ ಹೆಣಿಗೆ ಸಡಿಲವಾಗುವುದೇ ಲ್ಯಾಮಿನೈಟಿಸ್. ಮೇಲಿನಿಂದ ಮೈಭಾರ ಒತ್ತುತ್ತದೆ, ಹಿಂದಿನಿಂದ ಸ್ನಾಯುರಜ್ಜು ಎಳೆಯುತ್ತದೆ, ಮೂಳೆಯ ತುದಿ ಕೆಳಕ್ಕೆ ತಿರುಗುತ್ತದೆ ಅಥವಾ ಪೂರ್ತಿ ಕುಸಿಯುತ್ತದೆ. ಕುದುರೆಯ ಭಾರದಲ್ಲಿ ಸುಮಾರು ಶೇಕಡ 60 ಮುಂಗಾಲಿನ ಮೇಲೆಯೇ ಇರುವುದರಿಂದ ಅವೇ ಮೊದಲು ಸೋಲುತ್ತವೆ.

ಇಲ್ಲಿಂದ ಮುಂದೆ ಗೊರಸು ಬಿಟ್ಟು ಪ್ರಶ್ನೆ ಕೇಳಬೇಕು.

*ಏನು ತಿಂದಿತು, ಯಾವಾಗ?* ಕಾಳಿನ ಪಿಷ್ಟ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ನುಗ್ಗಿದರೆ ಅಲ್ಲಿ ಹುಳಿಯುತ್ತದೆ, ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು ವಿಷ ರಕ್ತಕ್ಕೆ ಸೇರುತ್ತದೆ. ಕಾಲಿಗೆ ಅದು ಮುಟ್ಟುವುದು ತಿಂದ ಒಂದೂವರೆ, ಎರಡು ದಿನಕ್ಕೆ. ಹಾಗಾಗಿ "ನಿನ್ನೆ ಏನು ತಿಂತು" ಎಂದು ಕೇಳಿದರೆ ಸಾಲದು, ಮೊನ್ನೆಯ ಕಥೆ ಬೇಕು. ಅಷ್ಟು ಹೊತ್ತಿಗೆ ಹೊಟ್ಟೆ ಉಬ್ಬರ, ಭೇದಿ ನಿಂತು ಎಲ್ಲರೂ ಮರೆತಿರುತ್ತಾರೆ. ಮದುವೆ ಮನೆಯ ಅನ್ನ, ಪ್ರೀತಿಯಿಂದ ಕೊಟ್ಟ ಬೆಲ್ಲ, ಹೊಸದಾಗಿ ತಂದ ಮೆಕ್ಕೆಜೋಳದ ನುಚ್ಚು, ಎಲ್ಲವನ್ನೂ ಕೇಳಿ. ಯಜಮಾನರನ್ನಷ್ಟೇ ಅಲ್ಲ, ಲಾಯದಲ್ಲಿ ಮಲಗುವ ಹುಡುಗನನ್ನೂ ಕೇಳಿ. ಬೈಯುತ್ತಾರೆಂಬ ಹೆದರಿಕೆ ಇಲ್ಲದೆ ಅವನು ಬಾಯಿಬಿಡುವ ಹಾಗೆ ಕೇಳಿ.

*ದಪ್ಪಗಿದೆಯೇ?* ಗಾಡಿ ಎಳೆಯುವ ಕುದುರೆ ನಮ್ಮಲ್ಲಿ ಸಾಮಾನ್ಯವಾಗಿ ಬಡಕಲು. ಆದರೆ ಸವಾರಿ ಕಲಿಸುವ ಜಾಗಗಳಲ್ಲಿ, ತೋಟದ ಮನೆಗಳಲ್ಲಿ, ಕೆಲಸ ಕಡಿಮೆ ತಿನ್ನುವುದು ಜಾಸ್ತಿ ಆದ ಕುದುರೆಗಳಿವೆ. ಕುತ್ತಿಗೆಯ ಮೇಲ್ಗಡೆ ಕೊಬ್ಬು ಗಟ್ಟಿಯಾಗಿ ದಿಬ್ಬದಂತಾಗಿದ್ದರೆ, ಬಾಲದ ಬುಡದಲ್ಲಿ ಮೆತ್ತನೆ ಗುಡ್ಡೆಗಳಿದ್ದರೆ ರಕ್ತದ ಇನ್ಸುಲಿನ್ ಪರೀಕ್ಷೆ ಮಾಡಿಸಿ. ಆಸ್ಟ್ರೇಲಿಯಾದ ಸಂಶೋಧಕರು 2007ರಲ್ಲಿ ಆರೋಗ್ಯವಾಗಿದ್ದ ಪೋನಿಗಳ, ಅಂದರೆ ಗಿಡ್ಡ ತಳಿಯ ಕುದುರೆಗಳ, ರಕ್ತಕ್ಕೆ ಇನ್ಸುಲಿನ್ ಹರಿಸಿ ಅದರ ಮಟ್ಟ ಏರಿಸಿಟ್ಟಾಗ ಮೂರು ದಿನದೊಳಗೆ ಅವುಗಳಿಗೆ ಲ್ಯಾಮಿನೈಟಿಸ್ ಬಂತು. ಕರುಳು ಕೆಟ್ಟಿರಲಿಲ್ಲ, ಸೋಂಕು ಇರಲಿಲ್ಲ. ಈ ಬಗೆಯದು ಮೆಲ್ಲಗೆ ಬರುತ್ತದೆ: ಗೊರಸಿನ ಮೇಲೆ ಉಂಗುರಗಳು, ತುದಿಯಲ್ಲಿ ಕಿರಿದಾಗಿ ಹಿಮ್ಮಡಿಯ ಕಡೆ ಅಗಲವಾಗುತ್ತಾ ಹೋದವು, ಹಿಂದೆಂದೋ ಬಂದು ಹೋದ ನೋವಿನ ಗುರುತು. ವಯಸ್ಸು 15 ದಾಟಿ, ನಮ್ಮ ಸೆಕೆಯಲ್ಲೂ ಉದ್ದ ಕೂದಲು ಉದುರಿಸದೆ, ಬೆನ್ನಿನ ಸ್ನಾಯು ಕರಗಿ ಹೊಟ್ಟೆ ಜೋತಿದ್ದರೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ತೊಂದರೆ ಇರಬಹುದು. ಅದಕ್ಕೆ ಬೇರೆ ಪರೀಕ್ಷೆ, ದಿನಾ ಕೊಡುವ ಬೇರೆ ಮಾತ್ರೆ. ಇತ್ತೀಚೆಗೆ ಸ್ಟೀರಾಯ್ಡ್ ಇಂಜೆಕ್ಷನ್ ಏನಾದರೂ ಆಗಿದೆಯೇ ಎಂದೂ ಕೇಳಿ.

*ಮರಿ ಹಾಕಿತ್ತೇ?* ಹಸು ಸಾಕಿದವರಿಗೆ ಮಾಸು, ಹಳ್ಳಿಯಲ್ಲಿ ಕಸ ಅಂತೀವಲ್ಲ ಅದು, ಅರ್ಧ ದಿನ ಬೀಳದಿದ್ದರೂ ಕಾಯುವ ಅಭ್ಯಾಸ. ಕುದುರೆಯಲ್ಲಿ 3 ಗಂಟೆಗೆ ಬೀಳದಿದ್ದರೆ ತುರ್ತು. ಒಳಗೆ ಅಂಗೈಯಗಲ ತುಂಡು ಉಳಿದರೂ ಕೊಳೆತ ವಿಷ ರಕ್ತಕ್ಕಿಳಿದು ಗೊರಸು ಹಿಡಿಯುತ್ತದೆ. ಬಿದ್ದ ಮಾಸನ್ನು ನೆಲದ ಮೇಲೆ ಹರಡಿ ಪೂರ್ತಿ ಇದೆಯೇ ನೋಡಿ, ಹೂಳುವುದು ಆಮೇಲೆ. ನ್ಯುಮೋನಿಯ, ಜೋರು ಭೇದಿ ಕೂಡ ಇದೇ ದಾರಿಯಲ್ಲಿ ಕಾಲಿಗೆ ಬರುತ್ತವೆ.

*ಬೇರೆ ಕಾಲಿಗೆ ಏನಾದರೂ ಆಗಿದೆಯೇ?* ಅಮೆರಿಕದ ಪಂದ್ಯದ ಕುದುರೆ ಬಾರ್ಬಾರೊ 2006ರಲ್ಲಿ ಕೆಂಟಕಿ ಡರ್ಬಿ ಗೆದ್ದು, ಎರಡೇ ವಾರದಲ್ಲಿ ಇನ್ನೊಂದು ಪಂದ್ಯದಲ್ಲಿ ಬಲ ಹಿಂಗಾಲು ಮುರಿದುಕೊಂಡಿತು. ಮುರಿದ ಕಾಲನ್ನು ಶಸ್ತ್ರಚಿಕಿತ್ಸೆಯಲ್ಲಿ ಜೋಡಿಸಿದರು. ತಿಂಗಳುಗಟ್ಟಲೆ ಹೋರಾಡಿದ ಮೇಲೆ 2007ರ ಜನವರಿ 29ರಂದು ಅದಕ್ಕೆ ದಯಾಮರಣ ಕೊಡಬೇಕಾಯಿತು. ಅದನ್ನು ಹೆಚ್ಚು ಕಾಡಿದ್ದು ಮುರಿಯದ ಎಡ ಹಿಂಗಾಲಿನ ಲ್ಯಾಮಿನೈಟಿಸ್. ಕುದುರೆ ನಿಂತಲ್ಲೂ ಆಗಾಗ ಭಾರ ಬದಲಿಸುತ್ತಿದ್ದರೇ ಗೊರಸಿನೊಳಗೆ ರಕ್ತ ಓಡಾಡುವುದು. ಒಂದು ಕಾಲು ನೋಯುವಾಗ ಇನ್ನೊಂದು ಬಿಡುವಿಲ್ಲದೆ ಹೊರುತ್ತದೆ, ರಕ್ತ ಸಿಗದೆ ಹೆಣಿಗೆ ಸಾಯುತ್ತದೆ. ಕೀವಿನ ಗೊರಸಿಗೆ ಪಟ್ಟಿ ಕಟ್ಟಿದ ದಿನವೇ ಎದುರಿನ ಗೊರಸಿಗೂ ಮೆತ್ತೆ ಕಟ್ಟಿ.

*ನೆಲ?* ಅಭ್ಯಾಸವಿಲ್ಲದ ಕುದುರೆಯನ್ನು ಕಾಂಕ್ರೀಟು, ಡಾಂಬರಿನ ಮೇಲೆ ಗಂಟೆಗಟ್ಟಲೆ ಓಡಿಸಿದರೂ ಬರುತ್ತದೆ.

ಗೊರಸಿನ ನೋವಿನಂತೆ ಕಾಣುವ ಬೂಸಾ ರೋಗ

ಇದಕ್ಕೊಂದು ಪ್ರತ್ಯೇಕ ಜಾಗ ಕೊಡುತ್ತಿದ್ದೇನೆ, ಏಕೆಂದರೆ ನಮ್ಮ ಕಡೆಯ ಮೇವಿನ ಪದ್ಧತಿಯೇ ಇದಕ್ಕೆ ಹಾಸಿಕೊಟ್ಟಿದೆ. ಇವತ್ತು ಬಲ ಮುಂಗಾಲು, ಮುಂದಿನ ವಾರ ಎಡ ಹಿಂಗಾಲು, ಆಮೇಲೆ ಏನೂ ಇಲ್ಲ, ಮತ್ತೆ ಕುಂಟು. ಗೊರಸು ಒತ್ತಿದರೆ ನೋವು ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಮೇವು ಅಗಿಯಲು ತಡ. ಕಣ್ಣಿನ ಕೆಳಗೆ, ಮೂಗಿನ ಎರಡೂ ಪಕ್ಕ ಮೂಳೆ ಊದಿ ಮುಖ ಅಗಲವಾದ ಹಾಗೆ. ಲಾಳ ಬದಲಿಸಿ, ಎಣ್ಣೆ ತಿಕ್ಕಿ, ಕೊನೆಗೆ ಭುಜಕ್ಕೆ ಬರೆ ಎಳೆಸಿದ ಕುದುರೆಗಳು ನನ್ನ ಬಳಿ ಬಂದಿವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವ ಗಾದೆ ಇಲ್ಲಿ ಅಕ್ಷರಶಃ ನಿಜ.

ಗೋಧಿ ಬೂಸಾದಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂಗಿಂತ ರಂಜಕ, ಅಂದರೆ ಫಾಸ್ಫರಸ್, ಹತ್ತುಪಟ್ಟಿನಷ್ಟು ಹೆಚ್ಚು. ಕುದುರೆಗೆ ಬೇಕಾದದ್ದು ಇದರ ಉಲ್ಟಾ: ಸುಣ್ಣ ಒಂದೂವರೆಯಿಂದ ಎರಡು ಪಾಲು, ರಂಜಕ ಒಂದು ಪಾಲು. ಅದರ ಜೊತೆಗೆ ಭತ್ತದ ಹುಲ್ಲು, ನೇಪಿಯರ್ ಹುಲ್ಲಿನಲ್ಲಿರುವ ಆಕ್ಸಲೇಟು ಇರುವ ಅಷ್ಟು ಸುಣ್ಣವನ್ನೂ ಕಟ್ಟಿಹಾಕುತ್ತದೆ. ರಕ್ತಕ್ಕೆ ಸುಣ್ಣ ಬೇಕೇ ಬೇಕು, ಮೈ ಅದನ್ನು ಮೂಳೆಯಿಂದ ಕಿತ್ತು ಕೊಡುತ್ತದೆ. ಮೂಳೆ ಟೊಳ್ಳಾಗಿ ಕೀಲು, ಸ್ನಾಯುರಜ್ಜು ಅಂಟಿದ ಜಾಗಗಳೆಲ್ಲ ನೋಯುತ್ತವೆ. ರಕ್ತದ ಕ್ಯಾಲ್ಸಿಯಂ ಪರೀಕ್ಷೆ ಮಾಮೂಲಾಗಿಯೇ ಬರಬಹುದು, ಅದನ್ನು ನೋಡಿ ಸಮಾಧಾನಪಡಬೇಡಿ. ಮೇವಿನ ತೊಟ್ಟಿ ನೋಡಿದರೆ ಸಾಕು.

ಬೂಸಾ ಕಡಿಮೆ ಮಾಡಿ, ಮೇವಿಗೆಂದೇ ಮಾರುವ ಸುಣ್ಣದ ಕಲ್ಲಿನ ಪುಡಿ ಸೇರಿಸಿ, ಸಿಕ್ಕರೆ ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್, ಕೊಡಿ. ಹೆಸರಿನಲ್ಲೇ ಕುದುರೆ ಇರುವ ಆ ಸೊಪ್ಪಿನಲ್ಲಿ ಸುಣ್ಣ ಧಾರಾಳ. ಹುರುಳಿಯ ಮೇಲೆ ನನಗೆ ಅಷ್ಟು ದೂರಿಲ್ಲ. ಸುಣ್ಣ, ರಂಜಕ ಅದರಲ್ಲಿ ಹೆಚ್ಚುಕಡಿಮೆ ಸಮ. ಬೇಯಿಸಿ, ಅಳತೆಯಲ್ಲಿ ಕೊಟ್ಟರೆ ನಮ್ಮ ಅಜ್ಜಂದಿರ ಕುದುರೆಗಳು ತಿಂದ ಹಾಗೆ ಇವೂ ತಿನ್ನುತ್ತವೆ.

ಮೇಲಿನಿಂದ ಇಳಿಯುವ ನೋವು, ಮೇಲಕ್ಕೆ ಏರುವ ನೋವು

ಗೊರಸಿನ ತುದಿ ಉದ್ದ ಬಿಟ್ಟು ಹಿಮ್ಮಡಿ ತಗ್ಗಿಸಿ ಲಾಳ ಕಟ್ಟುವುದು ಬಹಳ ಕಡೆ ರೂಢಿ, "ಲಾಳ ಹೆಚ್ಚು ದಿನ ಬರುತ್ತೆ" ಎಂಬ ಲೆಕ್ಕ. ಹಾಗೆ ಕಟ್ಟಿದ ಕುದುರೆ ಕಾಲು ಎತ್ತುವಾಗ ಪ್ರತಿ ಹೆಜ್ಜೆಗೂ ಸನ್ನೆ ಹಾಕಿದಂತೆ ಹಿಂದಿನ ಸ್ನಾಯುರಜ್ಜು ಎಳೆಯುತ್ತದೆ, ನಾವಿಕ್ಯುಲರ್ ಮೂಳೆಯ ಮೇಲೆ ಒತ್ತಡ ಬೀಳುತ್ತದೆ. ಹಿಮ್ಮಡಿ ಕಾಪಾಡಲು ಹೆಜ್ಜೆ ಚಿಕ್ಕದು ಮಾಡುತ್ತದೆ, ಭುಜ ಬಿಗಿಯುತ್ತದೆ, ಬೆನ್ನು ಸೆಟೆಯುತ್ತದೆ. ಆಗ ಭುಜಕ್ಕೆ ಮಸಾಜ್ ಮಾಡಿದರೆ ಸ್ವಲ್ಪ ಹೊತ್ತು ಹಾಯಾಗುತ್ತದೆ, ಕಾರಣ ಕೆಳಗೇ ಉಳಿಯುತ್ತದೆ.

ತಿರುಗಾಮುರುಗಾ ಕೂಡ ಆಗುತ್ತದೆ. ಗಾಡಿಯ ನೊಗಪಟ್ಟಿ ಒಂದು ಪಕ್ಕಕ್ಕೆ ಎಳೆಯುತ್ತಿದ್ದರೆ, ಜೀನು ಬೆನ್ನುಮೂಳೆಗೆ ತಾಗುತ್ತಿದ್ದರೆ ಕುದುರೆ ಒಂದು ಕಾಲಿನ ಮೇಲೆಯೇ ಹೆಚ್ಚು ಭಾರ ಹಾಕಿ ಆ ಗೊರಸು ಚಪ್ಪಟೆಯಾಗುತ್ತದೆ. ಹಾಗಾಗಿ ಎರಡು ಮುಂಗೊರಸನ್ನು ಪಕ್ಕಪಕ್ಕ ಇಟ್ಟು ಅಗಲ ಅಳೆಯಿರಿ, ಪಟ್ಟಿಯ ಕೆಳಗೆ ಕೂದಲು ಬೆಳ್ಳಗಾದ ಜಾಗ ಹುಡುಕಿ, ಗಾಡಿಯ ಎರಡೂ ಮೂಕಿಯ ಎತ್ತರ ಒಂದೇ ಇದೆಯೇ ನೋಡಿ. ಎಲ್ಲಿ ಶುರುವಾಯಿತು ಎಂದು ಬಗೆಹರಿಯದಿದ್ದರೆ ವೈದ್ಯರು ಗಿಣ್ಣಿನ ಕೆಳಗಿನ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ನೋಡುತ್ತಾರೆ. ಕುಂಟು ಮಾಯವಾದರೆ ನೋವು ಹೆಚ್ಚಾಗಿ ಗೊರಸಿನೊಳಗಿನದು. ಎಷ್ಟೋ ಸಲ ಒಂದು ಕಾಲು ಮರಗಟ್ಟಿದ ಕೂಡಲೇ ಅಲ್ಲಿಯ ತನಕ ಅಡಗಿದ್ದ ಎದುರುಕಾಲಿನ ಕುಂಟು ಎದ್ದು ಕಾಣುತ್ತದೆ.

ಮೊದಲ ಮೂರು ದಿನ

ಲ್ಯಾಮಿನೈಟಿಸ್ ಎಂದು ಗಟ್ಟಿಯಾದರೆ ಐಸ್ ತರಿಸಿ. ಮೀನಿನ ಅಂಗಡಿಗೆ ಬರುವ ಬ್ಲಾಕ್ ಐಸ್ ಒಡೆಸಿ, ಲಾರಿಯ ಹಳೇ ಟ್ಯೂಬ್ ಕತ್ತರಿಸಿ ಬೂಟಿನಂತೆ ಕಟ್ಟಿ, ಐಸ್-ನೀರು ಮಂಡಿಯ ತುಸು ಕೆಳಗಿನ ತನಕ ತುಂಬಿ. ಗೊರಸಿನ ಮೇಲ್ಮೈ 5ರಿಂದ 10 ಡಿಗ್ರಿಗೆ ಇಳಿದು, 48ರಿಂದ 72 ಗಂಟೆ ಅಲ್ಲೇ ನಿಲ್ಲಬೇಕು. ಅರ್ಧ ಗಂಟೆ ನಲ್ಲಿ ನೀರು ಬಿಡುವುದು ಇದಕ್ಕೆ ಸಮವಲ್ಲ. ಕುದುರೆಯ ಕಾಲು ಈ ಚಳಿ ತಡೆಯುತ್ತದೆ, ಮನುಷ್ಯರ ಹಾಗೆ ಒದ್ದಾಡುವುದಿಲ್ಲ. ನುಚ್ಚು ತಿಂದದ್ದು ಗೊತ್ತಾಗಿ ಇನ್ನೂ ಕುಂಟು ಶುರುವಾಗಿಲ್ಲ ಎನ್ನುವಾಗ ಐಸಿನಿಂದ ಸಿಗುವ ಲಾಭ ಅತಿ ಹೆಚ್ಚು. ವಾರ ಕಳೆದ ಮೇಲೆ ತಂದರೆ ಖರ್ಚು ಮಾತ್ರ.

ನೆಲಕ್ಕೆ ಅರ್ಧ ಅಡಿ ಮರಳು ಅಥವಾ ಮರದ ಹೊಟ್ಟು. ಅದು ಸಿದ್ಧವಾಗುವ ಮೊದಲು ಲಾಳ ಬಿಚ್ಚಿಸಬೇಡಿ, ನಾನು ಕಲ್ಲುಚಪ್ಪಡಿಯ ಮೇಲೆ ಬಿಚ್ಚಿಸಿ ಕೆಟ್ಟೆ. 5 ಸೆಂಟಿಮೀಟರ್ ದಪ್ಪದ ಥರ್ಮಾಕೋಲನ್ನು ಅಂಗಾಲಿನ ಆಕಾರಕ್ಕೆ ಕತ್ತರಿಸಿ ಟೇಪಿನಲ್ಲಿ ಸುತ್ತಿದರೆ ಒಂದು ದಿನದಲ್ಲಿ ಒತ್ತಿ ಅಚ್ಚಾಗುತ್ತದೆ, ಅದರ ಕೆಳಗೆ ಇನ್ನೊಂದು ಪದರ ಹಾಕಿ. ಫ್ರಿಜ್ ಬಂದ ಡಬ್ಬದ ಥರ್ಮಾಕೋಲ್ ಸಾಕು.

ನೋವಿನ ಔಷಧ ವೈದ್ಯರೇ ಕೊಡಬೇಕು. ಎರಡು ಬಗೆಯ ನೋವಿನ ಔಷಧ ಒಟ್ಟಿಗೆ ಕೊಟ್ಟರೆ ಹೊಟ್ಟೆ, ಕರುಳು ಹುಣ್ಣಾಗುತ್ತದೆ. ನೋವು ಕಡಿಮೆಯಾಗಿ ಕುದುರೆ ನಡೆದಾಡತೊಡಗಿದರೆ ಖುಷಿಪಡಬೇಡಿ, ಕಟ್ಟಿಹಾಕಿ. ಬಿಜಲಿ ಮೊದಲ ಸಂಜೆ "ಚೆನ್ನಾಗಿ ನಡೆದದ್ದು" ನನ್ನ ಇಂಜೆಕ್ಷನ್ನಿನ ಬಲದಲ್ಲಿ, ಹೆಣಿಗೆಯನ್ನು ಇನ್ನಷ್ಟು ಹರಿದುಕೊಂಡು. ಮೆಡಿಕಲ್ ಶಾಪಿನಿಂದ ಮನುಷ್ಯರ ಡೈಕ್ಲೋಫೆನ್ಯಾಕ್ ತಂದು ಚುಚ್ಚುವುದಂತೂ ಬೇಡವೇ ಬೇಡ. 2006ರಿಂದ ಅದನ್ನು ಜಾನುವಾರಿಗೆ ಬಳಸುವಂತಿಲ್ಲ, 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೊಫೆನ್ಯಾಕ್ ಕೂಡ ನಿಷೇಧವಾದವು. ಔಷಧ ಉಳಿದ ಸತ್ತ ಪ್ರಾಣಿಯನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ಬೆರಳೆಣಿಕೆಯ ಹದ್ದುಗಳನ್ನು ನೆನಪಿಸಿಕೊಳ್ಳಿ. ಮೆಲಾಕ್ಸಿಕ್ಯಾಮ್ ಎಂಬ ನೋವಿನ ಔಷಧದಿಂದ ಅವುಗಳಿಗೆ ಆ ಅಪಾಯವಿಲ್ಲ.

ಕಾಳು, ಬೂಸಾ, ಬೆಲ್ಲ ಪೂರ್ತಿ ನಿಲ್ಲಿಸಿ. ಹಾಗೆಂದು ಉಪವಾಸ ಕೆಡವಬೇಡಿ. ದಪ್ಪ ಪೋನಿ, ಕತ್ತೆಗಳನ್ನು ಉಪವಾಸ ಕೆಡವಿದರೆ ರಕ್ತಕ್ಕೆ ಕೊಬ್ಬು ನುಗ್ಗಿ ಅದೇ ಪ್ರಾಣ ತೆಗೆಯುತ್ತದೆ. ತೂಕಕ್ಕೆ ಟೇಪು ಸಾಕು: ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಪೃಷ್ಠದ ಮೂಳೆಯ ತನಕದ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ, ಎಲ್ಲವೂ ಸೆಂಟಿಮೀಟರಿನಲ್ಲಿ. ಸುತ್ತಳತೆ 150, ಉದ್ದ 140 ಇದ್ದರೆ ಸುಮಾರು 265 ಕೆಜಿ. ಅದರ ಶೇಕಡ 1.5, ಅಂದರೆ 4 ಕೆಜಿ ಒಣಹುಲ್ಲು ದಿನಕ್ಕೆ, ನಾಲ್ಕೈದು ಸಲಕ್ಕೆ ಹಂಚಿ. ದಪ್ಪ ಕುದುರೆಗಾದರೆ ಹುಲ್ಲನ್ನು ಒಂದು ಗಂಟೆ ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ ಕೊಡಿ, ಸಕ್ಕರೆಯ ಅಂಶ ಇಳಿಯುತ್ತದೆ.

ಒಂದು ವಾರವಾದರೂ ಇಳಿಯದಿದ್ದರೆ

ಎಕ್ಸ್‌ರೇ ತೆಗೆಸಿ. ಗೊರಸಿನ ಮುಂಗೋಡೆಗೆ ಒಂದು ತಂತಿ ಅಂಟಿಸಿ ಪಕ್ಕದಿಂದ ತೆಗೆದ ಚಿತ್ರದಲ್ಲಿ ಮೂಳೆ ಎಷ್ಟು ತಿರುಗಿದೆ, ಅಂಗಾಲು ಎಷ್ಟು ತೆಳುವಾಗಿದೆ ಎಂದು ಕಾಣುತ್ತದೆ. ಆ ಚಿತ್ರ ಇಲ್ಲದೆ ತುದಿ ಎಷ್ಟು ಕತ್ತರಿಸಬೇಕು ಎಂದು ಲಾಳದವರಿಗೆ ಹೇಳುವುದು ಕಣ್ಣುಮುಚ್ಚಿ ಬಾಣ ಬಿಟ್ಟ ಹಾಗೆ. ವೈದ್ಯರು, ಲಾಳದವರು ಒಂದೇ ದಿನ, ಒಂದೇ ಹೊತ್ತಿಗೆ ಲಾಯದಲ್ಲಿ ಇರುವ ಹಾಗೆ ಮಾಡಿ. ನಾವಿಬ್ಬರೂ ಬೇರೆ ಬೇರೆ ದಿನ ಬಂದು ಒಬ್ಬರನ್ನೊಬ್ಬರು ಬೈದುಕೊಂಡು ಹೋದರೆ ಕುದುರೆಗೆ ಏನೂ ಸಿಗುವುದಿಲ್ಲ. ಗೊರಸು ಮತ್ತು ಕೂದಲು ಸೇರುವ ಅಂಚಿನಲ್ಲಿ ಬೆರಳು ಹೂತುಹೋಗುವ ಹಳ್ಳ ಕಂಡರೆ ಮೂಳೆ ಕುಸಿದಿದೆ, ಆಗ ಉಳಿಸುವ ಮಾತು ಕಷ್ಟ. ಅದನ್ನು ಯಜಮಾನರಿಗೆ ಬಿಚ್ಚಿ ಹೇಳಬೇಕು.

ಉಳಿದ ಕುದುರೆಗೆ ಬೇಕಾದದ್ದು ಕಾಲಾವಧಿ. ಗೊರಸು ತಿಂಗಳಿಗೆ 6ರಿಂದ 9 ಮಿಲಿಮೀಟರ್ ಬೆಳೆಯುತ್ತದೆ, ಮುಂತುದಿ ಪೂರ್ತಿ ಹೊಸದಾಗಲು ಒಂಬತ್ತರಿಂದ ಹನ್ನೆರಡು ತಿಂಗಳು. ನಾಲ್ಕರಿಂದ ಆರು ವಾರಕ್ಕೊಮ್ಮೆ ಕತ್ತರಿಸಬೇಕು. ದಿನಕ್ಕೆ 15ರಿಂದ 20 ಮಿಲಿಗ್ರಾಂ ಬಯೋಟಿನ್ ಎಂಬ ವಿಟಮಿನ್ ಕೊಟ್ಟರೂ ಕಣ್ಣಿಗೆ ಕಾಣುವುದು ಅರ್ಧ ವರ್ಷದ ಮೇಲೆ. ಹದಿನೈದು ದಿನದಲ್ಲಿ ಗೊರಸು ಸರಿಹೋಗುತ್ತೆ ಎಂದು ಮಾರುವ ಪುಡಿಗಳನ್ನು ನಂಬಬೇಡಿ.

ಬಿಜಲಿಯ ಎಕ್ಸ್‌ರೇಯಲ್ಲಿ ಎಡಗಾಲಿನ ಮೂಳೆ ತಿರುಗಿತ್ತು, ಬಲಗಾಲಿನದು ಅಷ್ಟಿರಲಿಲ್ಲ. ಹದಿನಾರು ದಿನ ಮರಳಿನಲ್ಲಿ ಮಲಗೇ ಇತ್ತು. ಮಗ್ಗುಲು ಹುಣ್ಣಾಗದಂತೆ ಯಜಮಾನರ ಮನೆಯವರು ದಿನಕ್ಕೆ ಆರು ಸಲ ಹೊರಳಿಸಿದರು. ಎಂಟನೇ ತಿಂಗಳಿನಲ್ಲಿ ಗೊರಸಿನ ಮೇಲಿನ ಆ ದಪ್ಪ ಉಂಗುರ ನೆಲದಿಂದ ಎರಡು ಬೆರಳು ಮೇಲಿತ್ತು. ಗಾಡಿಗೆ ಕಟ್ಟಬಹುದೇ ಎಂದು ಅವರು ಕೇಳಿದರು. ನಾನು ಗಿಣ್ಣಿನ ಹಿಂದೆ ಬೆರಳಿಟ್ಟು, ಮಿಡಿತ ಹುಡುಕಲು ಸಾಕಷ್ಟು ಹೊತ್ತು ಬೇಕಾದ್ದನ್ನು ನೋಡಿ, ಉಂಗುರ ನೆಲ ಮುಟ್ಟಲಿ, ಆಮೇಲೆ ಖಾಲಿ ಗಾಡಿ ಎಂದೆ.